ವಿಂಡೋಸ್ ತೆಗೆದು ಲಿನಕ್ಸ್ ಹಾಕುವ ಮುಂಚೆ

(ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತುಹೋಯಿತು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು ಅನ್ನುತ್ತದೆ. 2016ರ ಹೊತ್ತಿಗೆ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಇರೋದು 5ನೇ, 6ನೇ ತಲೆಮಾರು. ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಬ್ಯಾಟರಿ ಬದಲಾಯಿಸಿದರೆ ಇನ್ನೂ ಎಷ್ಟೋ ವರ್ಷ ಬರುತ್ತದೆ. ಆದರೂ ಅಂಗಡಿಗೆ ಹೋದರೆ "ಇದು ಹಳೇದಾಯ್ತು ಸಾರ್, ಹೊಸದು ತಗೊಳ್ಳಿ" ಅನ್ನುತ್ತಾರೆ.

ನನಗೆ ಇದು ನಿಜಕ್ಕೂ ಬೇಸರದ ವಿಷಯ. ಮೂವತ್ತು, ನಲವತ್ತು ಸಾವಿರ ಕೊಟ್ಟು ತಂದ ಯಂತ್ರ ಕೆಟ್ಟೇ ಇಲ್ಲ. ಎಲ್ಲೋ ಒಂದು ಕಂಪನಿ ತಾರೀಖು ಗೊತ್ತುಮಾಡಿತು ಅನ್ನೋ ಕಾರಣಕ್ಕೆ ಅದು ಗುಜರಿಗೆ ಹೋಗಬಾರದು. ವಿಂಡೋಸ್ ಜಾಗದಲ್ಲಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಹಾಗಂತ "ಎಲ್ಲರೂ ನಾಳೆಯೇ ಲಿನಕ್ಸ್ ಹಾಕಿಕೊಳ್ಳಿ" ಎಂದು ಹೇಳಲಿಕ್ಕೂ ನಾನು ಬಂದಿಲ್ಲ. ಲಿನಕ್ಸ್ ಹಾಕುವುದು ಅರ್ಧ, ಮುಕ್ಕಾಲು ಗಂಟೆಯ ಕೆಲಸ. ಆದರೆ ಹಾಕಿಸಿಕೊಂಡು ವಾರದೊಳಗೆ ವಿಂಡೋಸ್‌ಗೆ ವಾಪಸ್ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಕುವಾಗ ಏನೋ ಕೆಟ್ಟಿತು ಅಂತಲ್ಲ. ಹಾಕುವ ಮುಂಚೆ "ಈ ಲ್ಯಾಪ್‌ಟಾಪಿನಲ್ಲಿ ಇವರು ದಿನಾ ಮಾಡೋ ಕೆಲಸ ಏನು?" ಎಂದು ಯಾರೂ ಕೇಳಿರಲಿಲ್ಲ. ಇವತ್ತಿನ ಮಾತೆಲ್ಲ ಹೆಚ್ಚಾಗಿ ಆ "ಮುಂಚೆ"ಯ ಬಗ್ಗೆಯೇ.

ಲಿನಕ್ಸ್ ಅಂದರೆ ಏನು ಅನ್ನೋದನ್ನು ಬೇಗ ಮುಗಿಸುತ್ತೇನೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟುವುದು ಅದರ ಗುರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆದ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬಿಡುಗಡೆ ಮಾಡಿದ. ಎರಡೂ ಸೇರಿ, ಮೇಲೊಂದಿಷ್ಟು ತಂತ್ರಾಂಶ ಸೇರಿ ನಮ್ಮ ಕೈಗೆ ಬರುವುದಕ್ಕೆ ಡಿಸ್ಟ್ರೋ ಅನ್ನುತ್ತೇವೆ. ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಎಲ್ಲ ಅವೇ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ನಮಗೇನೂ ಇದು ಹೊಸದಲ್ಲ. ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಕಲಿಯುತ್ತಿರುವುದು ಲಿನಕ್ಸ್‌ನಲ್ಲಿ.

ಯಾವ ಡಿಸ್ಟ್ರೋ ಅಂತ ಕೇಳಿದರೆ, ವಿಂಡೋಸ್ ಬಿಟ್ಟು ಬರುವವರಿಗೆ ನಾನು ಹೇಳೋದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ಕೈಗೆ ಅಭ್ಯಾಸವಾದ ಜಾಗದಲ್ಲೇ ಎಲ್ಲ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನ್ನಮನ್. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಡಿಸ್ಟ್ರೋ ಬಗ್ಗೆ ಇಷ್ಟು ಸಾಕು. ಇದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ, ಆದರೆ ಮೊದಲ ಸಲ ಹಾಕುವವರಿಗೆ ಆ ವಾದದಿಂದ ಉಪಯೋಗವಿಲ್ಲ.

ಇನ್ನೊಂದು ಭಯ ತುಂಬಾ ಜನಕ್ಕಿದೆ. "ಲ್ಯಾಪ್‌ಟಾಪ್ ಜೊತೆ ದುಡ್ಡು ಕೊಟ್ಟು ತಗೊಂಡ ವಿಂಡೋಸ್ ಶಾಶ್ವತವಾಗಿ ಹೋಗಿಬಿಡುತ್ತಾ?" ಅಂತ. ಹೋಗುವುದಿಲ್ಲ. ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ (ಪರವಾನಗಿ ಸಂಖ್ಯೆ) ಸಾಮಾನ್ಯವಾಗಿ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಅದು ಅಲ್ಲೇ ಉಳಿಯುತ್ತದೆ. ಮುಂದೆ ಯಾವತ್ತೋ ಅದೇ ಆವೃತ್ತಿಯ ವಿಂಡೋಸ್ ಮತ್ತೆ ಹಾಕಿದರೆ ಕೀ ಕೇಳದೆ ತಾನೇ ಗುರುತಿಸಿಕೊಳ್ಳುತ್ತದೆ. ಡಿಸ್ಕ್ ಅಳಿಸಿದರೆ ಹೋಗುವುದು ವಿಂಡೋಸ್ ಮತ್ತೆ ಹಾಕಿಕೊಳ್ಳಲಿ ಎಂದು ಕಂಪನಿಯವರು ಡಿಸ್ಕಿನಲ್ಲಿ ಇಟ್ಟಿರುವ ರಿಕವರಿ ಪಾರ್ಟಿಷನ್ ಎಂಬ ಭಾಗ. ಅದು ಬೇಕು ಅನ್ನಿಸಿದರೆ ಮೊದಲೇ ಒಂದು ಪೆನ್‌ಡ್ರೈವ್‌ಗೆ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. ಜೊತೆಗೆ ಬಂದ ವಿಂಡೋಸ್ ನನಗೆ ಬೇಡ, ಅದರ ದುಡ್ಡು ವಾಪಸ್ ಕೊಡಿ ಎಂದು ಕೋರ್ಟಿಗೆ ಹೋದವರೂ ಇದ್ದಾರೆ. 2014ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ ಗ್ರಾಹಕನಿಗೆ ಆ ಹಕ್ಕಿದೆ ಎಂದೇ ತೀರ್ಪು ಕೊಟ್ಟಿತು. ನಮ್ಮಲ್ಲಿ ಆ ತಾಪತ್ರಯ ಬೇಡ ಅನ್ನುವವರಿಗೆ ವಿಂಡೋಸ್ ಇಲ್ಲದ, "ಡಾಸ್" ಎಂದು ಬರೆದ ಮಾಡೆಲ್‌ಗಳು ಮೊದಲಿಂದಲೂ ಸಿಗುತ್ತಿವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಹಾಳೆ ತಗೊಳ್ಳಿ. ಕಳೆದ ಒಂದು ತಿಂಗಳಲ್ಲಿ ಲ್ಯಾಪ್‌ಟಾಪಿನಲ್ಲಿ ಏನೇನು ತೆರೆದಿರಿ ಅಂತ ಬರೆಯಿರಿ. ಬ್ರೌಸರ್, ಯೂಟ್ಯೂಬ್, ವಾಟ್ಸ್ಯಾಪ್ ವೆಬ್, ಪತ್ರ ಬರೆಯುವುದು, ಲೆಕ್ಕದ ಹಾಳೆ, ಪಿಡಿಎಫ್. ಇಷ್ಟೇ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಫೈರ್‌ಫಾಕ್ಸ್, ಕ್ರೋಮ್ ಎರಡೂ ಲಿನಕ್ಸ್‌ನಲ್ಲಿ ಇವೆ. ವರ್ಡ್, ಎಕ್ಸೆಲ್ ಜಾಗದಲ್ಲಿ ಲಿಬ್ರೆಆಫೀಸ್ ಇದೆ.

ಆ ಹಾಳೆಯಲ್ಲಿ ಟ್ಯಾಲಿ ಇದ್ದರೆ ನಿಲ್ಲಿ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ, ಆದರೆ ಅದನ್ನು ಮಾಡಿರುವುದು ವಿಂಡೋಸ್‌ಗೆ. ಏನೇನೋ ಮಾಡಿ ಲಿನಕ್ಸ್‌ನಲ್ಲಿ ಓಡಿಸುವವರಿದ್ದಾರೆ. ಆದರೆ ಅಂಗಡಿಯ ಲೆಕ್ಕ, ಜಿಎಸ್‌ಟಿ ಎಲ್ಲ ಅದರ ಮೇಲೆ ನಿಂತಿರುವಾಗ ಅಂಥ ಪ್ರಯೋಗ ಬೇಡ ಅಂತಲೇ ನಾನು ಹೇಳುತ್ತೇನೆ. ಡಿಜಿಟಲ್ ಸಿಗ್ನೇಚರ್‌ನ ಯುಎಸ್‌ಬಿ ಟೋಕನ್ ಬಳಸುವವರೂ ಹಾಗೇ. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ (ಆ ಸಾಧನವನ್ನು ನಡೆಸುವ ತಂತ್ರಾಂಶ) ಉಂಟು. ಆದರೆ ಟೋಕನ್, ಅದರ ತಂತ್ರಾಂಶ, ಪೋರ್ಟಲ್ ಮೂರೂ ಒಟ್ಟಿಗೆ ಹೊಂದಿಕೊಳ್ಳಬೇಕಲ್ವಾ? ಟೆಂಡರ್ ಹಾಕುವ ಕೊನೇ ದಿನ ಅದನ್ನು ಕಂಡುಕೊಳ್ಳುವುದು ಬೇಡ.

ಪ್ರಿಂಟರ್ ಕೂಡ ಬರೆಯಿರಿ, ಮಾಡೆಲ್ ಸಂಖ್ಯೆ ಸಮೇತ. ಎಚ್‌ಪಿಯ ಹೆಚ್ಚಿನವು ಲಿನಕ್ಸ್‌ಗೆ ಸಿಕ್ಕಿಸಿದ ಕೂಡಲೇ ಸೇರಿಕೊಳ್ಳುತ್ತವೆ. ಹೊಸ ವೈಫೈ ಪ್ರಿಂಟರ್‌ಗಳೂ ಸಲೀಸು. ಆದರೆ ನಮ್ಮ ಕಡೆ ಜೆರಾಕ್ಸ್ ಅಂಗಡಿ, ವಕೀಲರ ಆಫೀಸು ಎಲ್ಲಿ ನೋಡಿದರೂ ಇರುವ ಕ್ಯಾನನ್ ಎಲ್‌ಬಿಪಿ 2900 ಇದೆಯಲ್ಲ, ಅದು ಕಷ್ಟ. ಅದು ಮಾತಾಡುವುದು ಕ್ಯಾನನ್‌ನ ಸ್ವಂತ ಭಾಷೆ, ಅದಕ್ಕೆ ಬೇರೆಯೇ ಡ್ರೈವರ್ ಬೇಕು. ಆ ಡ್ರೈವರ್ ಈಗಿನ ಡಿಸ್ಟ್ರೋಗಳಲ್ಲಿ ಕೂರಿಸುವುದಕ್ಕೆ ತಾಳ್ಮೆ ಬೇಕು. ಹಾಗಾಗಿ ಎಲ್‌ಬಿಪಿ 2900 ಇರುವವರು ಅದಕ್ಕೊಂದು ವ್ಯವಸ್ಥೆ ಯೋಚಿಸಿಯೇ ಹೊರಡಿ.

ಇನ್ನು ಕನ್ನಡ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ.

ಟೈಪ್ ಮಾಡುವುದು ತೊಂದರೆಯೇ ಅಲ್ಲ. ನುಡಿ ತಂತ್ರಾಂಶದಲ್ಲಿ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದು ಲಿನಕ್ಸ್‌ನಲ್ಲೂ ಇದೆ. ಐಬಸ್ ಎಂಬ ತಂತ್ರಾಂಶ, ಅದರ ಜೊತೆ ಎಂ17ಎನ್ ಎಂಬ ಭಾಗ ಹಾಕಿಕೊಂಡು, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅನ್ನುವುದನ್ನು ಆರಿಸಿದರೆ ಮುಗಿಯಿತು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ. "ಕನ್ನಡ" ಎಂದು ಬರುತ್ತದೆ. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ, ಡಬ್ಲ್ಯೂ ಒತ್ತಿದರೆ ಡ. ನುಡಿಯಲ್ಲಿ ಹೇಗಿತ್ತೋ ಹಾಗೇ. ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಕಾಗುಣಿತದಂತೆ ಹೊಡೆದು ರೂಢಿಯಿರುವವರಿಗೆ ಅದಕ್ಕೆ ಹತ್ತಿರದ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಫಾಂಟ್‌ಗಳಿಗೂ ಕೊರತೆಯಿಲ್ಲ. ಲೋಹಿತ್, ನೋಟೋ ಜೊತೆಗೆ ಗುಬ್ಬಿ, ನವಿಲು ಅನ್ನುವ ಮುಕ್ತ ಫಾಂಟ್‌ಗಳು ಡೆಬಿಯನ್ ಮತ್ತು ಉಬುಂಟು ಭಂಡಾರದಲ್ಲೇ ಸಿಗುತ್ತವೆ. ಮಿಂಟ್ ಕೂಡ ಆ ಭಂಡಾರವನ್ನೇ ಬಳಸುತ್ತದೆ. ಕನ್ನಡದವರೇ ಬಿಡುವಿನ ಹೊತ್ತಿನಲ್ಲಿ ಕೂತು ಮಾಡಿದ ಕೆಲಸ ಅದು. ಹಾಗೆ ಕೂತವರಿಂದಲೇ ಇವತ್ತು ನಾವು ಲಿನಕ್ಸ್‌ನ ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದಾಗಿದೆ.

ತೊಂದರೆ ಇರೋದು ಹಳೆಯ ಫೈಲ್‌ಗಳಲ್ಲಿ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಹೊಡೆದಿಟ್ಟ ಪತ್ರ, ಪ್ರಶ್ನೆಪತ್ರಿಕೆ, ಮದುವೆ ಕರೆಯೋಲೆ, ಪುಸ್ತಕದ ಪುಟ. ಅವುಗಳ ಒಳಗೆ ಇರುವುದು ನಿಜವಾದ ಕನ್ನಡ ಅಕ್ಷರಗಳಲ್ಲ. ತಲೆ ಮೇಲೆ ಚುಕ್ಕಿ, ಗೀಟು ಇರುವ ಯುರೋಪಿನ ಅಕ್ಷರಗಳು. ಆ ಫಾಂಟ್ ಇದ್ದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಲಿನಕ್ಸ್‌ನಲ್ಲಿ ತೆರೆದಾಗ ಫಾಂಟ್ ಇಲ್ಲದಿದ್ದರೆ ಸಾಲುಸಾಲು ಅಪರಿಚಿತ ಅಕ್ಷರಗಳು. ನಿವೃತ್ತ ಮೇಷ್ಟ್ರೊಬ್ಬರು ಇಂಥ ಫೈಲ್ ನೋಡಿ "ನನ್ನ ಬರವಣಿಗೆಯೆಲ್ಲ ಹೋಯ್ತಲ್ಲಪ್ಪಾ" ಎಂದು ಕೂತುಬಿಟ್ಟಿದ್ದರು. ಹೋಗಿರಲಿಲ್ಲ. ಹಳೆಯ ವಿಂಡೋಸ್‌ನಲ್ಲಿದ್ದ ನುಡಿ ಫಾಂಟ್ ಫೈಲ್‌ಗಳನ್ನು ಲಿನಕ್ಸ್‌ನ ಫಾಂಟ್ ಫೋಲ್ಡರಿಗೆ ಹಾಕಿದ ಮೇಲೆ ಲಿಬ್ರೆಆಫೀಸ್‌ನಲ್ಲಿ ಪುಟಪುಟವೂ ಕನ್ನಡವಾಗಿಯೇ ಕಂಡಿತು. ಆದರೆ ಅಷ್ಟಕ್ಕೇ ಬಿಡಬೇಡಿ. ಈ ಹಳೆಯ ಬಗೆಯನ್ನು ಆಸ್ಕಿ ಅನ್ನುತ್ತಾರೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಅದರಲ್ಲಿ ಹಾಕಿ, ಬಂದದ್ದನ್ನು ಒಂದು ಸಲ ಓದಿ, ಅರ್ಕಾವೊತ್ತು ಮತ್ತು ಒತ್ತಕ್ಷರ ತಪ್ಪಾಗಿದ್ದರೆ ತಿದ್ದಿ, ಯೂನಿಕೋಡ್‌ನಲ್ಲಿ ಉಳಿಸಿ. ಲಿನಕ್ಸ್‌ಗೆ ಬನ್ನಿ, ಬಿಡಿ, ಈ ಕೆಲಸವನ್ನಂತೂ ದಯವಿಟ್ಟು ಮಾಡಿ. ಹಾಗೇ ಬಿಟ್ಟರೆ ಅವನ್ನು ಹುಡುಕಲೂ ಆಗುವುದಿಲ್ಲ, ಫೋನಿನಲ್ಲಿ ಓದಲೂ ಆಗುವುದಿಲ್ಲ.

ಡಿಟಿಪಿ ಅಂಗಡಿಯವರಿಗೆ ಮಾತ್ರ ನಾನು ಲಿನಕ್ಸ್ ಹೇಳುವುದಿಲ್ಲ. ಪೇಜ್‌ಮೇಕರ್, ಕೋರಲ್‌ಡ್ರಾ, ಆಸ್ಕಿ ಫಾಂಟು, ಪ್ರೆಸ್ಸಿನವರು ಕೇಳುವ ಫೈಲು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಮಾತ್ರ ಎಳೆದು ತೆಗೆಯಲು ಬರುವುದಿಲ್ಲ. ಅವರು ಎರಡನ್ನೂ ಇಟ್ಟುಕೊಳ್ಳಲಿ.

ಸರಿ, ಹಾಳೆ ನೋಡಿದಿರಿ, ತೊಂದರೆ ಇಲ್ಲ ಅನ್ನಿಸಿತು. ಮುಂದೆ?

ಮೊದಲು ಬ್ಯಾಕಪ್. ಫೋಟೋ, ಡಾಕ್ಯುಮೆಂಟ್, ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲು, ಡೌನ್‌ಲೋಡ್ಸ್ ಎಲ್ಲ ಹೊರಗಿನ ಡಿಸ್ಕಿಗೆ. ಕಾಪಿ ಮಾಡಿ ಸುಮ್ನಾಗಬೇಡಿ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ನಾಲ್ಕು ಫೋಟೋ, ನಾಲ್ಕು ಫೈಲ್ ತೆರೆದು ನೋಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ನೆನಪಿವೆಯೇ? ಅವನ್ನೂ ತೆಗೆದಿಟ್ಟುಕೊಳ್ಳಿ.

ಆಮೇಲೆ ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದಂತೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ಸಿಗುವ ಸೆಟ್ಟಿಂಗ್ಸ್) ಏನಾದರೂ ಬದಲಾಯಿಸಿದರೆ, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಅಂಗಡಿಯವರು ಮಾಡಿಕೊಟ್ಟದ್ದೋ, ಮಗನ ಹೆಸರಲ್ಲಿದೆಯೋ, ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ! ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಇಲ್ಲವೇ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಮುಗಿಯುವ ತನಕ ಕಾಯಿರಿ.

ಇನ್ನು 8 ಜಿಬಿ ಪೆನ್‌ಡ್ರೈವ್ ಒಂದು ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಮಿಂಟ್ ಪೂರ್ತಿ ಅಡಗಿರುವ ಐಎಸ್‌ಒ ಫೈಲ್ ಸುಮಾರು 3 ಜಿಬಿ. ಡೌನ್‌ಲೋಡ್ ಆದ ಮೇಲೆ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತಿಳಿಸುವ ಗುರುತಿನ ಸಂಖ್ಯೆ) ನೋಡಿ ಎಂದು ಅವರ ತಾಣದಲ್ಲಿ ಬರೆದಿರುತ್ತಾರೆ, ಎಲ್ಲರೂ ದಾಟಿಕೊಂಡು ಹೋಗುತ್ತಾರೆ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ನುಗ್ಗಿ, ಹಿಂಬಾಗಿಲು ಇಟ್ಟ ಐಎಸ್‌ಒಗೆ ಲಿಂಕ್ ತಿರುಗಿಸಿದ್ದರು. ಅವತ್ತು ಚೆಕ್‌ಸಮ್ ಹೋಲಿಸಿ ನೋಡಿದವರಿಗೆ ಅದು ಬೇರೆ ಫೈಲ್ ಅಂತ ಗೊತ್ತಾಗುತ್ತಿತ್ತು. ಎರಡು ನಿಮಿಷದ ಕೆಲಸ, ಬಿಡಬೇಡಿ. ಆಮೇಲೆ ರೂಫಸ್ ಅಥವಾ ಎಚ್ಚರ್ ಎಂಬ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಮಾಡಿ ಹಾಕಿದರೆ ಬೂಟ್ ಆಗುವುದಿಲ್ಲ.

ಲ್ಯಾಪ್‌ಟಾಪ್ ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಸಾಮಾನ್ಯವಾಗಿ ಬೂಟ್ ಮೆನು ಬರುತ್ತದೆ. ಪೆನ್‌ಡ್ರೈವ್ ಆರಿಸಿ. ಮಿಂಟ್ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಇದಕ್ಕೆ ಲೈವ್ ಅನ್ನುತ್ತೇವೆ. ಹುಡುಗಿ ನೋಡಲು ಹೋದವರು ಉಪ್ಪಿಟ್ಟು ತಿಂದು ಎದ್ದು ಬಂದ ಹಾಗೆ ಐದು ನಿಮಿಷದಲ್ಲಿ ಇದನ್ನು ಮುಗಿಸಬೇಡಿ. ಒಂದು ಸಂಜೆ ಪೂರ್ತಿ ಕೂರಿ. ವೈಫೈ ಸೇರುತ್ತಾ? ಯೂಟ್ಯೂಬ್ ಹಾಕಿ, ದನಿ ಬರುತ್ತಾ? ಬೆಳಕು ಹೆಚ್ಚುಕಡಿಮೆ ಮಾಡುವ ಕೀಗಳು? ಕ್ಯಾಮೆರಾ? ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ, ಎದ್ದುಕೊಳ್ಳುತ್ತಾ? ಪ್ರಿಂಟರ್ ಸಿಕ್ಕಿಸಿ ಒಂದು ಹಾಳೆ ತೆಗೆಯಿರಿ. ಬೆರಳಚ್ಚಿನ ಸೆನ್ಸರ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಮಾಡುವುದಿಲ್ಲ, ಅದು ಮೊದಲೇ ತಿಳಿದಿರಲಿ. ಪೆನ್‌ಡ್ರೈವ್‌ನಿಂದ ಓಡುವುದರಿಂದ ಸ್ವಲ್ಪ ನಿಧಾನ ಇರುತ್ತದೆ. ಡಿಸ್ಕಿಗೆ ಹಾಕಿದ ಮೇಲೆ ಹೀಗಿರುವುದಿಲ್ಲ.

ಎಲ್ಲ ಸರಿ ಕಂಡರೆ ಇನ್‌ಸ್ಟಾಲ್ ಒತ್ತಿ. ನಾಲ್ಕೈದು ಪುಟ ಬರುತ್ತವೆ. ಭಾಷೆ, ಕೀಬೋರ್ಡ್, ನಕ್ಷೆಯಲ್ಲಿ ಕೋಲ್ಕತ್ತಾ ಸಮಯ. ಇವು ಹೇಗೋ ಆಗುತ್ತವೆ. ನಿಂತು ಓದಬೇಕಾದ ಪುಟ ಒಂದೇ. ವಿಂಡೋಸ್ ಪಕ್ಕದಲ್ಲಿ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ ಎಂದು ಕೇಳುವ ಪುಟ. ಲ್ಯಾಪ್‌ಟಾಪಿನಲ್ಲಿ ಎರಡು ಡಿಸ್ಕ್ ಇದ್ದರೆ ಇಲ್ಲಿ ಗಮನ ಬೇಕು. 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಫೋಟೋಗಳು ಅಂದುಕೊಳ್ಳಿ. ಇಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಹೆಸರು ಇರುವುದಿಲ್ಲ. ಗುರುತು ಹಿಡಿಯಬೇಕಾದ್ದು ಗಾತ್ರದಿಂದ. ವಿಂಡೋಸ್‌ನಲ್ಲಿ 238 ಜಿಬಿ ಎಂದು ಕಾಣುತ್ತಿದ್ದ ಅದೇ ಎಸ್‌ಎಸ್‌ಡಿ ಇಲ್ಲಿ 256 ಎಂದು ಕಾಣುತ್ತದೆ. ಲೆಕ್ಕ ಹಾಕುವ ಕ್ರಮ ಬೇರೆ, ಡಿಸ್ಕ್ ಅದೇ. ಯಾವುದನ್ನು ಅಳಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಂಡು ಆಮೇಲೆ ಮುಂದಿನ ಗುಂಡಿ ಒತ್ತಿ.

ಕೆಲವರಿಗೆ ಈ ಪುಟದಲ್ಲಿ ಡಿಸ್ಕೇ ಕಾಣುವುದಿಲ್ಲ. ಗಾಬರಿ ಬೇಡ. ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬುದು ಆನ್ ಆಗಿದ್ದರೆ ಹೀಗಾಗುತ್ತದೆ. ಅದನ್ನು ಎಎಚ್‌ಸಿಐಗೆ ಬದಲಾಯಿಸಿದರೆ ಡಿಸ್ಕ್ ಕಾಣುತ್ತದೆ. ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಹಾಗೇ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ, ಅದಕ್ಕೆ ಮೊದಲು ವಿಂಡೋಸ್ ಒಳಗೆ ಸಿದ್ಧತೆ ಮಾಡಿಕೊಳ್ಳಬೇಕು. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ವ್ಯವಸ್ಥೆ) ಆನ್ ಇರುವ ಲ್ಯಾಪ್‌ಟಾಪಿನಲ್ಲಿ ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿದರೆ ಅದು ಒಂದು ಪಾಸ್‌ವರ್ಡ್ ಕೇಳಬಹುದು. ಕೊಟ್ಟರೆ, ಮುಂದಿನ ಸಲ ಆನ್ ಆಗುವಾಗ ನೀಲಿ ಪರದೆ ಬರುತ್ತದೆ. ಅದು ದೋಷವಲ್ಲ. "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಸರದಲ್ಲಿ ಬಿಟ್ಟುಬಿಟ್ಟರೆ ಆಮೇಲೆ ಎನ್‌ವಿಡಿಯಾದಂಥ ಡ್ರೈವರ್‌ಗಳು ಏಳುವುದಿಲ್ಲ, ಕಾರಣವೂ ತಿಳಿಯುವುದಿಲ್ಲ.

ಹಾಕಿಯಾದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಡ್ರೈವರ್ ಮ್ಯಾನೇಜರ್ ನೋಡಿ, ಟೈಮ್‌ಶಿಫ್ಟ್ ಆನ್ ಮಾಡಿ. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ಮನ್ನು. ನಿಮ್ಮ ಫೋಟೋಗಳಿಗೆ ಬೇರೆಯೇ ಬ್ಯಾಕಪ್ ಬೇಕು.

ಇನ್ನು ಬಂದ ಪ್ರಶ್ನೆಗಳು.

ಪ್ರೌಢಶಾಲೆಯ ಮೇಡಂ ಒಬ್ಬರು ಕೇಳಿದರು: "ನಮ್ಮ ವರ್ಡ್ ಫೈಲ್‌ಗಳು ಲಿಬ್ರೆಆಫೀಸ್‌ನಲ್ಲಿ ಅಡ್ಡಾದಿಡ್ಡಿ ಆಗ್ತವಂತಲ್ಲ ಸಾರ್?" ಸಾದಾ ಪತ್ರ, ಪ್ರಶ್ನೆಪತ್ರಿಕೆ ಆಗುವುದಿಲ್ಲ ಮೇಡಂ. ಕ್ಯಾಲಿಬ್ರಿ ಫಾಂಟಿನ ಜಾಗದಲ್ಲಿ ಕಾರ್ಲಿಟೋ ಎಂಬ ಅದೇ ಅಳತೆಯ ಫಾಂಟ್ ಇದೆ, ಅದು ಇದ್ದರೆ ಸಾಲು ಜರುಗುವುದಿಲ್ಲ. ಟೇಬಲ್ಲು, ಬಾಕ್ಸು ಜಾಸ್ತಿ ಇರುವ ಫೈಲ್‌ಗಳಲ್ಲಿ ಸ್ವಲ್ಪ ಸರಿಪಡಿಸಬೇಕಾದೀತು. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದಿದ್ದರೆ ಅವು ಎಲ್ಲವೂ ಓಡುವುದಿಲ್ಲ, ಅದನ್ನು ಲೈವ್‌ನಲ್ಲೇ ತೆರೆದು ನೋಡಿ. ಬೇರೆಯವರಿಗೆ ಕಳಿಸುವಾಗ ಅವರು ತಿದ್ದಬೇಕಿಲ್ಲ ಅಂದರೆ ಪಿಡಿಎಫ್ ಮಾಡಿ ಕಳಿಸಿ.

"ಎರಡೂ ಹಾಕ್ಕೊಂಡಿದ್ದೀನಿ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ, ಯಾಕೆ?" ಲ್ಯಾಪ್‌ಟಾಪಿನ ಒಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯಕ್ಕೆ ಸಮನಾದ ಯುಟಿಸಿ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಎಂದು ಓದುತ್ತದೆ. ನಮಗೂ ಅದಕ್ಕೂ ಐದೂವರೆ ಗಂಟೆಯ ಅಂತರ. ಒಳಗಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡು ಎಂದು ಲಿನಕ್ಸ್‌ಗೆ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ. ಹಾಗೇ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಆಗ ಅದರ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

"ನಮ್ಮದು ಹಾರ್ಡ್‌ಡಿಸ್ಕ್ ಇರೋ ಹಳೇ ಲ್ಯಾಪ್‌ಟಾಪ್. ಲಿನಕ್ಸ್ ಹಾಕಿದ್ರೆ ಸ್ಪೀಡ್ ಆಗುತ್ತಾ?" ಸ್ವಲ್ಪ ಆಗುತ್ತದೆ. ಆದರೆ ದುಡ್ಡು ಖರ್ಚು ಮಾಡಲು ಸಾಧ್ಯವಿದ್ದರೆ ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ಲಿನಕ್ಸ್ ಹಾಕಿ. ದೊಡ್ಡ ವ್ಯತ್ಯಾಸ ಬರುವುದು ಎಸ್‌ಎಸ್‌ಡಿಯಿಂದ. ಇದರಲ್ಲಿ ಇನ್ನೊಂದು ಲಾಭ ಇದೆ. ತೆಗೆದ ಹಾರ್ಡ್‌ಡಿಸ್ಕಿನಲ್ಲಿ ನಿಮ್ಮ ವಿಂಡೋಸ್, ನಿಮ್ಮ ಫೈಲ್ ಎಲ್ಲ ಇದ್ದ ಹಾಗೇ ಇರುತ್ತವೆ. ಲಿನಕ್ಸ್ ಒಗ್ಗದಿದ್ದರೆ ಅದನ್ನೇ ವಾಪಸ್ ಸಿಕ್ಕಿಸಬಹುದು.

ಕೊನೆಯದಾಗಿ ಡಿಪ್ಲೊಮಾ ಓದುವ ಹುಡುಗ: "ಲೈವ್‌ನಲ್ಲಿ ವೈಫೈ ಬರ್ಲಿಲ್ಲ ಸಾರ್, ಬಿಟ್ಟುಬಿಡ್ಲಾ?" ಬಿಡಬೇಡ. ಫೋನನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡು, ಇಂಟರ್ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆ. ಬ್ರಾಡ್‌ಕಾಮ್ ಚಿಪ್ ಆಗಿದ್ದರೆ ಬಹಳ ಸಲ ಡ್ರೈವರ್ ಅಲ್ಲೇ ಸಿಗುತ್ತದೆ. ರಿಯಲ್‌ಟೆಕ್‌ನ ಹೊಸ ಚಿಪ್ ಆಗಿದ್ದರೆ ಇನ್ನೂ ಹೊಸ ಕರ್ನಲ್ ಬೇಕಾಗಬಹುದು. ಅಪ್‌ಡೇಟ್ ಮ್ಯಾನೇಜರ್‌ನಲ್ಲೇ ಕರ್ನಲ್‌ಗಳ ಪಟ್ಟಿ ಇದೆ, ಆದರೆ ಅದು ಡಿಸ್ಕಿಗೆ ಹಾಕಿದ ಮೇಲಿನ ಮಾತು. ಏನು ಮಾಡಿದರೂ ಆಗಲಿಲ್ಲ ಅಂದರೆ ಲಿನಕ್ಸ್‌ಗೆ ಹೊಂದುವ ಸಣ್ಣ ಯುಎಸ್‌ಬಿ ವೈಫೈ ಸಿಗುತ್ತದೆ. ಕೊಳ್ಳುವ ಮುಂಚೆ ಅದರೊಳಗಿನ ಚಿಪ್ ಯಾವುದು ಅಂತ ಕೇಳಿ ತಗೋ. ಡಬ್ಬದ ಮೇಲಿನ ಬ್ರ್ಯಾಂಡ್ ನೋಡಿದರೆ ಸಾಲದು, ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆಬೇರೆ ಚಿಪ್ ಬರುತ್ತವೆ.